ಮನೆ ನೋಡಲು ಬಂದವರು ಫೋನ್ ನೋಡಿದರು

ಇದು ನಡೆದದ್ದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ ನಿಷೇಧಿಸಿದ ಕೆಲವು ತಿಂಗಳ ಬಳಿಕ.

ಬಹುಕಾಲ ಶಾಲೆಯಲ್ಲಿ ಪಾಠ ಹೇಳಿದವಳಿಗೆ ಆಘಾತಗಳು ಹೊಸತಲ್ಲ. ಆದರೂ ಹೊನ್ನಾಳಿಯ ನಮ್ಮ ಮನೆಯಲ್ಲಿ ಮದುವೆಯ ಮಾತು ಎದ್ದಾಗಲೆಲ್ಲ ಹೊಸದೊಂದು ಒದಗಿಬರುತ್ತದೆ. ಈ ಸಲ ವರ ನನ್ನ ತಮ್ಮನ ಮೊಮ್ಮಗ. ಅಡಿಕೆ ಸುಲಿಯುವ ಯಂತ್ರಗಳನ್ನು ರಿಪೇರಿ ಮಾಡುತ್ತಾನೆ. ಅವನೂ ಜಗಳೂರಿನ ಹುಡುಗಿಯೂ ಒಬ್ಬರನ್ನೊಬ್ಬರು ಮೆಚ್ಚಿಯಾಗಿತ್ತು. ಆಕೆಯ ಹಿರಿಯರು ಬಂದು ಮನೆ ನೋಡುವ ಶಾಸ್ತ್ರವೊಂದೇ ಬಾಕಿ.

೧. ನ್ಯಾಮತಿಯ ಕರೆ

ಸಂಬಂಧ ತಂದ ಮಧ್ಯಸ್ಥರು ನ್ಯಾಮತಿಯಿಂದ ಕರೆ ಮಾಡಿದರು.

"ಮೇಡಂ, ಭಾನುವಾರ ಮನೆ ನೋಡಾಕೆ ಬರ್ತಾರ್ರೀ. ಆದ್ರೆ ಮನೆ ನೋಡಲ್ಲ. ಹುಡುಗನ ಫೋನ್ ನೋಡ್ತಾರಂತೆ."

"ಫೋನೇ? ಏತಕ್ಕೆ?"

"ಜೂಜಿನ ಆಟ ಐತೇನು ಅಂತ."

ಇದು ಮೊದಲ ಆಘಾತ. ನಮ್ಮವರು ಆಗಲೇ ಗೋಡೆಗಳಿಗೆಲ್ಲ ಬಣ್ಣ ಬಳಿಸಿದ್ದರೆಂದು ತಿಳಿಸಿದೆ.

"ಅದೇ ಮತ್ತೆ, ಮೇಡಂ. ಗೋಡೆಗೆ ಎಲ್ಲಾರೂ ಬಣ್ಣ ಹೊಡಿತಾರೆ ಅಂತಾನೇ ಅವರು ಫೋನ್ ಕೇಳಿದ್ದು!"

೨. ಚನ್ನಗಿರಿಯ ಕಾನೂನು ಪಂಡಿತ

ಹುಡುಗ ಹಿಂದೆ ಫೋನಿನಲ್ಲಿ ಹಣ ಕಟ್ಟಿ ರಮ್ಮಿ ಆಡುತ್ತಿದ್ದನೆಂಬುದು ಅಂದೇ ಹೊರಬಿತ್ತು. ಅದು ಎರಡನೆಯ ಆಘಾತ. ಸಮಾಧಾನ ಹೇಳಲು ಚನ್ನಗಿರಿಯಿಂದ ಅವನ ಸೋದರಮಾವ ಬಂದ.

"ಏನೂ ಹೆದರಬ್ಯಾಡ್ರಿ ಟೀಚರಮ್ಮ. ಆ ಆಟದ ಕಂಪನಿ ಯುರೋಪಿಂದು. ಅಲ್ಲಿ ಒಂದು ದೇಶದಾಗೆ ಲೈಸೆನ್ಸ್ ತಗಂಡ್ರೆ ಎಲ್ಲಾ ದೇಶದಾಗೂ ವ್ಯಾಪಾರ ಮಾಡಬಹುದು. ಅವರ ಕಾನೂನೇ ಹಂಗೈತೆ!"

"ಜೂಜಿಗೆ ಅಲ್ಲಿಯೂ ಆ ಸವಲತ್ತು ಇಲ್ಲಪ್ಪ. ತನ್ನ ಜನರ ಹಿತಕ್ಕಾಗಿ ಒಂದು ದೇಶವು ಪಕ್ಕದ ದೇಶದ ಕಂಪನಿಯನ್ನು ತಡೆಯಬಹುದು," ಎಂದೆ. "ಅದೆಲ್ಲ ಇರಲಿ. ನಮಗೆ ಹೆಣ್ಣು ಕೊಡಬೇಕಾದದ್ದು ಯುರೋಪಲ್ಲ, ಜಗಳೂರು."

೩. ತಟ್ಟೆಯಲ್ಲಿ ಫೋನ್

ಭಾನುವಾರ ಹುಡುಗಿಯ ಅಜ್ಜಿ, ದೊಡ್ಡಪ್ಪ, ಚಿಕ್ಕಪ್ಪ ಮಧ್ಯಸ್ಥರೊಡನೆ ಬಂದರು. ನಮ್ಮ ಕಡೆಯಿಂದ ಹುಡುಗನ ತಂದೆಯೂ ಸೋದರಮಾವನೂ ಕೂತಿದ್ದರು. ಹುಡುಗ ಎಲೆ ಅಡಿಕೆಯ ತಟ್ಟೆಯಲ್ಲಿ ಫೋನನ್ನು ಇಟ್ಟು ಮುಂದೆ ಸರಿಸಿದ. ದೊಡ್ಡಪ್ಪ ಕನ್ನಡಕ ಏರಿಸಿ ಹುಡುಕಿದರು. ರಮ್ಮಿ ಸಿಕ್ಕಿತು. ಆದರೆ ನಿಷೇಧ ಬಂದಾಗಲೇ ಆಟ ನಿಂತುಹೋಗಿತ್ತು.

"ಹುಡುಗ ಬಿಟ್ಟಿಲ್ಲ ಬಿಡ್ರಿ. ಸರ್ಕಾರ ಬಿಡಿಸೈತೆ. ಈ ಸಂಬಂಧ ಬ್ಯಾಡ," ಎಂದು ಎದ್ದುನಿಂತರು.

ನಾನು ಬಾಯಿ ತೆರೆಯಬೇಕಾಯಿತು.

"ಯುರೋಪಿನ ನ್ಯಾಯಾಲಯ ಒಂದು ಮಾತು ಹೇಳಿದೆ. ಜೂಜು ಕೆಟ್ಟದ್ದೆಂದು ಹೊರಗಿನವರನ್ನು ತಡೆಯುವ ದೇಶವು ತನ್ನ ಮನೆಯೊಳಗೆ ಅದನ್ನೇ ಬೆಳೆಸುತ್ತಿರಬಾರದು. ಹೆಣ್ಣಿನ ಕಡೆಯವರಿಗೂ ಅದೇ ನ್ಯಾಯ."

ಹುಡುಗಿಯ ಅಜ್ಜಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. "ನ್ಯಾಯವಾದ ಮಾತು. ಎಲ್ಲಾ ಗಂಡಸರೂ ಫೋನ್ ತಟ್ಟೆಗೆ ಇಡ್ರಪ್ಪ."

ಮುಂದಿನದು ನನ್ನ ಜೀವಮಾನದ ದೊಡ್ಡ ಆಘಾತ. ಹುಡುಗನ ತಂದೆಗೆ ಪಾಸ್‌ವರ್ಡ್ ಮರೆತಿತ್ತು. ಸೋದರಮಾವ ಫೋನನ್ನು ಚನ್ನಗಿರಿಯಲ್ಲೇ ಬಿಟ್ಟು ಬಂದಿದ್ದ. ಮಧ್ಯಸ್ಥರಿಗೆ ಬಸ್ಸಿನ ನೆನಪಾಯಿತು. ಚಿಕ್ಕಪ್ಪ ಕಾರನ್ನು ನೆರಳಿಗೆ ನಿಲ್ಲಿಸಿ ಬರುವೆನೆಂದು ಹೊರನಡೆದರು.

"ನಂದು ಚಾರ್ಜ್ ಖಾಲಿ ಆಗಿ ಆಫ್ ಆಗೈತವ್ವ," ಎಂದರು ದೊಡ್ಡಪ್ಪ.

ಅವರ ಜೇಬು ರಿಂಗಾಯಿತು.

ಅಜ್ಜಿ ಕೈ ಚಾಚಿ ಫೋನ್ ಕಸಿದು ಸ್ಪೀಕರ್ ಒತ್ತಿದರು. ಕಾರಿನ ಬಳಿಯಿಂದ ಚಿಕ್ಕಪ್ಪನ ದನಿ ನಡುಮನೆಯ ತುಂಬ ಮೊಳಗಿತು: "ಅಣ್ಣಾ, ನಂದು ಅಳಿಸಿಬಿಟ್ಟೆ! ಅವ್ವ ನೋಡೋದರಾಗೆ ನಿಂದೂ ಬೇಗ ಅಳಿಸು!"

ಅಜ್ಜಿ ಫೋನನ್ನು ತಟ್ಟೆಗೆ ಹಾಕಿದರು. "ಇಷ್ಟು ಗಂಡಸರೊಳಗೆ ಕೇಳಿದ ಕೂಡ್ಲೆ ತೋರಿಸ್ದೋನು ಈ ಹುಡುಗ ಒಬ್ನೇ. ನಮ್ಮ ಹುಡುಗೀನ ಇವನಿಗೇ ಕೊಡ್ತೀವಿ. ಒಪ್ಪಿಗೆ ಪತ್ರ ಬರೀರಿ ಟೀಚರಮ್ಮ."

ಪತ್ರವನ್ನು ನಾನೇ ಬರೆದೆ. ಕೊನೆಯ ಸಾಲುಗಳು ಹೀಗಿವೆ:

ಸಮಕ್ಷಮದಲ್ಲಿ ಹಾಜರಿದ್ದವರು: ವಧುವಿನ ಅಜ್ಜಿ ಗೌರಮ್ಮ, ದೊಡ್ಡಪ್ಪ ರುದ್ರಪ್ಪ, ವರ ಮಂಜುನಾಥ, ತಂದೆ ಶಿವಣ್ಣ, ಸೋದರಮಾವ ಹಾಲೇಶ, ಮಧ್ಯಸ್ಥ ಬಸವರಾಜಪ್ಪ.

ಕಾರಿನಲ್ಲಿ ಹಾಜರಿದ್ದವರು: ಚಿಕ್ಕಪ್ಪ ತಿಪ್ಪೇಸ್ವಾಮಿ.