ಹಿಂದಕ್ಕೆ ಸರಿದ ಸೀಟು

ನನಗೆ ಎಲ್ಲರ ಮೇಲೂ ಸ್ವಲ್ಪ ಸ್ವಲ್ಪ ಸಂಶಯವಿದೆ. ಒಬ್ಬರ ಮೇಲೇ ಎಲ್ಲವನ್ನೂ ಹೇರುವುದು ಅನ್ಯಾಯವೆಂದು ಸಮನಾಗಿ ಹಂಚಿದ್ದೇನೆ. ಇದು ದುರ್ಗುಣ ಎಂದು ನನ್ನ ಹೆಂಡತಿ ಸುಶೀಲಾ ಹೇಳುತ್ತಾಳೆ. ನಾನು ಕಸುಬು ಎನ್ನುತ್ತೇನೆ. ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ಸೂಪರ್‌ವೈಸರ್ ಆಗಿ ಆಯುಷ್ಯ ಕಳೆದವನು ನಾನು. ನೂಲು ಕಡಿದರೆ ಮಗ್ಗದವನು ನೂಲಿನ ದೋಷ ಎನ್ನುತ್ತಿದ್ದ, ನೂಲಿನವನು ಮಗ್ಗದ ದೋಷ ಎನ್ನುತ್ತಿದ್ದ, ನಾನು ಹತ್ತಿರ ಹೋದರೆ ಇಬ್ಬರೂ ಒಂದಾಗಿ ಹವೆಯ ದೋಷ ಎನ್ನುತ್ತಿದ್ದರು. ಅಂಥಲ್ಲಿ ಅನ್ನ ತಿಂದವನಿಗೆ ಸಂಶಯ ಬಿಡು ಎಂದರೆ ಹೇಗೆ ಬಿಟ್ಟೀತು? ನಿವೃತ್ತನಾಗಿ ಗಡಹಿಂಗ್ಲಜದ ಮನೆ ಸೇರಿದ ಮೇಲೆ ಸಂಶಯಪಡಲು ಮಗ್ಗಗಳಿರಲಿಲ್ಲ. ಹಾಲಿನವನೊಬ್ಬನಿದ್ದ. ಪಾಪ, ಅವನೊಬ್ಬನನ್ನೇ ಎಷ್ಟು ದಿನ ನೋಡುತ್ತ ಕೂಡುವುದು? ಆದ್ದರಿಂದ ಒಂದು ಹಳೆಯ ಜರ್ಮನ್ ಕಾರು ಕೊಂಡೆ.

ಕೊಲ್ಲಾಪುರದ ಒಬ್ಬ ಬೆಲ್ಲದ ವ್ಯಾಪಾರಿಯದು ಅದು. ಅವರು ನಮ್ಮ ಕಡೆಯ ಜೈನ ಮನೆತನದವರು, ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದಷ್ಟು ಎತ್ತರದ ಮನುಷ್ಯ. ಕಾರಿನ ಮೇಲೆ ಕೈಯಾಡಿಸುತ್ತ, "ಒಯ್ರಿ, ಆದ್ರ ಇದನ್ನ ಸಾವಕಾಶ ಹೊಡಿಬ್ಯಾಡ್ರಿ. ಸಾವಕಾಶ ಹೊಡದ್ರ ಇದಕ್ಕ ಜಡ್ಡು ಬರತೈತಿ" ಎಂದರು. ಮಾರುವವನು ಹೀಗೆ ಹೇಳಿದರೆ ಏನೋ ಮುಚ್ಚಿಡುತ್ತಿದ್ದಾನೆಂದು ನಾನು ಸುತ್ತ ಮೂರು ಸಲ ತಿರುಗಿ ನೋಡಿದೆ. ಅವರು ಮುಚ್ಚಿಟ್ಟಿದ್ದೇನೂ ಇರಲಿಲ್ಲ. ಆ ಕಾರು ತನ್ನ ರೋಗಗಳನ್ನು ತಾನೇ ದೀಪ ಹಚ್ಚಿ ತೋರಿಸುವಂಥದು. ಎಂಜಿನ್ನಿನ ದೀಪ, ಬ್ರೇಕಿನ ದೀಪ, ನೀರು ಕಡಿಮೆಯಾದ ದೀಪ. ಸಂಜೆ ಸ್ಟಾರ್ಟ್ ಮಾಡಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪಾವಳಿ. ಓಡಿದ ಕಿಲೋಮೀಟರ್ ಹೇಳುವ ಗಾಜಿನಲ್ಲಂತೂ ಅಂಕಿಗಳು ಅರ್ಧರ್ಧ ಮಾಸಿ ಹೋಗಿ, ಹಲ್ಲು ಬಿದ್ದ ಮುದುಕ ಮಾತಾಡಿದಂತೆ ಏನೋ ಹೇಳುತ್ತಿದ್ದವು, ಏನೆಂದು ತಿಳಿಯುತ್ತಿರಲಿಲ್ಲ. ರಬ್ಬರಿನ ಭಾಗ ಯಾವುದಿದೆಯೋ ಅದು ಕಲ್ಲಾಗಿತ್ತು, ಪ್ಲಾಸ್ಟಿಕ್ಕಿನದು ಯಾವುದಿದೆಯೋ ಅದು ಹಪ್ಪಳವಾಗಿತ್ತು. ನೀರಿನ ಪ್ಲಾಸ್ಟಿಕ್ ಡಬ್ಬಿ ಒಡೆದಾಗ ಇಚಲಕರಂಜಿಯ ನನ್ನ ಹಳೆಯ ಮಿಸ್ತ್ರಿ ಅದನ್ನು ಕೈಯಲ್ಲಿ ಹಿಡಿದು, "ಸಾಹೇಬ್ರ, ಜರ್ಮನಿಯವರು ಇದನ್ನ ತಂಪು ದೇಶಕ್ಕ ಅಂತ ಮಾಡ್ಯಾರ್ರಿ. ನಮ್ಮ ಬಿಸಲಾಗ ಮಾಡಿದಾವನೂ ಸೀಳತಾನ" ಎಂದ.

ಆದರೂ ಕೊಂಡದ್ದಕ್ಕೆ ಪಶ್ಚಾತ್ತಾಪವಿಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ಪಡಸಾಲೆಯಿಂದಲೇ ಕೀಲಿಯ ಗುಂಡಿ ಒತ್ತಿ ಕಾರಿನ ಬೀಗ ತೆಗೆದಿಟ್ಟು, ಒಂದು ಲೋಟ ಚಹಾ ಕುಡಿದು ಹೊರಡುತ್ತೇನೆ. ಸಂಕೇಶ್ವರದ ಹತ್ತಿರ ಹೆದ್ದಾರಿ ಹತ್ತಿ ಕಾಗಲ್‌ವರೆಗೆ ಹೋಗಿ ತಿರುಗಿ ಬರುತ್ತೇನೆ. ನಡುವೆ ಎಲ್ಲಿಯೂ ಇಳಿಯುವುದಿಲ್ಲ. ಗಾಡಿ ಓಡಿಸಲು ಹೋದವನು ಗಾಡಿ ಓಡಿಸಬೇಕು, ಮಿಸಳ್ ತಿನ್ನಲು ಹೋದವನು ಮಿಸಳ್ ತಿನ್ನಬೇಕು ಎಂಬುದು ನನ್ನ ನಿಯಮ. ಮೊದಲು ಎಣ್ಣೆ ಬಿಸಿಯಾಗುವವರೆಗೆ ಕಬ್ಬಿನ ಟ್ರಾಲಿಗಳ ಹಿಂದೆ ಸಂಭಾವಿತನಂತೆ ಹೋಗುತ್ತೇನೆ. ಆಮೇಲೆ ರಸ್ತೆ ಬಯಲಾದಾಗ ಮೂರನೇ ಗೇರಿನಲ್ಲಿ ಕಾಲು ಒತ್ತಿದರೆ ಒಳಗಿನಿಂದ ಒಂದು ಧ್ವನಿ ಏಳುತ್ತದೆ. ಶೆಡ್ಡಿನ ಎಲ್ಲ ಮಗ್ಗಗಳೂ ಒಂದೇ ತಾಳಕ್ಕೆ ಬಂದರೆ ಹೇಗೆ ಕೇಳಿಸಬಹುದೆಂದು ನಾನು ಆಯುಷ್ಯವಿಡೀ ಊಹಿಸಿದ್ದೆನೋ ಹಾಗೆ. ಬೆನ್ನು ಸೀಟಿಗೆ ಅಂಟುತ್ತದೆ. ನನ್ನ ವಯಸ್ಸಿನವರಿಗೆ ಬೆನ್ನಿನಲ್ಲಿ ನೋವಲ್ಲದೆ ಬೇರೇನೂ ಅನ್ನಿಸುವುದು ಅಪರೂಪ, ಅದಕ್ಕೇ ಹೇಳಿದೆ.

ನನ್ನ ತೊಂದರೆ ಶುರುವಾದದ್ದೂ ಆ ಸೀಟಿನಿಂದಲೇ. ಒಂದು ಸೋಮವಾರ ಬಾಗಿಲು ತೆರೆದು ಕೂತರೆ ಕಾಲು ಕ್ಲಚ್ಚಿಗೆ ಮುಟ್ಟಲೊಲ್ಲದು. ನಾನು ಗಿಡ್ಡ ಮನುಷ್ಯ, ಸೀಟನ್ನು ಮುಂದೆ, ಸ್ಟಿಯರಿಂಗಿಗೆ ಹೊಟ್ಟೆ ತಾಗುವಂತೆ ಇಟ್ಟುಕೊಳ್ಳುವವನು. ಅದು ಹಿಂದಕ್ಕೆ, ಒರಗಿಕೊಂಡು, ಯಾರೋ ಉದ್ದ ಕಾಲಿನವನು ಆರಾಮಾಗಿ ಕೂತೆದ್ದಂತೆ ಸರಿದಿತ್ತು. ಬದಿಯ ಕನ್ನಡಿಗಳು ಆಕಾಶ ತೋರಿಸುತ್ತಿದ್ದವು. ಗುಂಡಿ ಒತ್ತಿ ಸರಿಪಡಿಸಿಕೊಂಡು ಹೊರಟೆ, ಆದರೆ ಆ ದಿನ ಮೂರನೇ ಗೇರಿಗೆ ಮನಸ್ಸಾಗಲಿಲ್ಲ. ಮುಂದಿನ ಸೋಮವಾರ ಸೀಟು ಸರಿಯಾಗಿತ್ತು. ಅದರ ಮುಂದಿನ ಸೋಮವಾರ ಮತ್ತೆ ಹಿಂದೆ. ಒಂದು ವಾರ ಬಿಟ್ಟು ಒಂದು ವಾರ ಕದಿಯುವುದು ಜಾಣ ಕಳ್ಳನ ಲಕ್ಷಣ. ದಡ್ಡನಾದರೆ ಪ್ರತಿವಾರ ಕದ್ದು ಸಿಕ್ಕಿಬೀಳುತ್ತಾನೆ.

ನಮ್ಮ ಮನೆಗೆ ಬರುವ ಉದ್ದ ಕಾಲಿನವರು ಯಾರು? ಒಬ್ಬನೇ. ಸುಶೀಲಾಳ ತಮ್ಮ ಬಾಳು, ಭಾವನಾದ ನನ್ನನ್ನು ದಾಜಿ ಎನ್ನುವವನು. ನೇಸರಿಯಲ್ಲಿ ಕಬ್ಬು, ಎಮ್ಮೆ ಇಟ್ಟುಕೊಂಡಿರುವವನು. ರವಿವಾರ ರವಿವಾರ ಎಸ್‌ಟಿ ಬಸ್ಸಿನಲ್ಲಿ ಸಂತೆಗೆ ಬಂದು, ಅಕ್ಕನಿಗೆ ಹಾಲಿನ ಕ್ಯಾನು ಕೊಟ್ಟು, ಊಟ ಮಾಡಿ, ಸಂಜೆಯ ಬಸ್ಸಿಗೆ ಹೋಗುತ್ತಾನೆ. ಕಾರು ಬಂದ ದಿನವೇ ಅದರ ಸುತ್ತ ತಿರುಗಿ, "ದಾಜಿ, ಗಾಡಿ ಭಾರಿ ಐತ್ರಿ. ಪಲ್ಲವಿ ಲಗ್ನದಾಗ ನವರಿನ್ನ ಇದರಾಗ ಹಾಲ್‌ಗೆ ಕರಕೊಂಡ ಹೋಗೂಣ್ರಿ" ಎಂದಿದ್ದ. ಮದುವಣಗಿತ್ತಿಯಾಗಲಿದ್ದ ಪಲ್ಲವಿ ಅವನ ಒಬ್ಬಳೇ ಮಗಳು, ಲಗ್ನ ಗೊತ್ತಾಗಿತ್ತು. ಆಗ ನಾನು "ನೋಡೂಣು" ಎಂದಿದ್ದೆ. ಈಗ ನೋಡತೊಡಗಿದೆ.

ಮೊದಲು ಶನಿವಾರ ಸಂಜೆ ಕಾರಿನ ಬಾಗಿಲಿನ ಹಿಡಿಕೆಯಿಂದ ಗೋಡೆಯ ಮೊಳೆಗೆ ಒಂದು ಎಳೆ ನೂಲು ಕಟ್ಟಿದೆ. ಕಣ್ಣಿಗೆ ಕಾಣದಷ್ಟು ಸಣ್ಣ ನೂಲು, ನಮ್ಮ ಕಸುಬಿನದು. ಸೋಮವಾರ ಕಡಿದಿತ್ತು. ಸುಶೀಲಾಳನ್ನು ಕೇಳಿದರೆ, "ಕಸಾ ಹೊಡಿಯೂಮುಂದ ಜೇಡರ ಬಲಿ ಬಿದ್ದಿತ್ತು, ತಗದೇನ್ರಿ" ಎಂದಳು. ಮುಂದಿನ ಸಲ ಹಿಂದಿನ ಗಾಲಿಯ ಹಿಂದೆ ರಂಗೋಲಿ ಪುಡಿ ಉದುರಿಸಿಟ್ಟೆ. ಗಾಡಿ ಅಲುಗಿದರೆ ಗುರುತು ಮೂಡಲೇಬೇಕು. ಸೋಮವಾರ ನೋಡಿದರೆ ಅಲ್ಲೊಂದು ತುಂಬು ಕಮಲ ಅರಳಿತ್ತು, ಎಸಳುಗಳಿಗೆ ಅರಿಶಿನ ಕುಂಕುಮ ಬೇರೆ. "ನೀವು ಹಾಕೂದ ಹಾಕಿದ್ರಿ, ಒಂದೀಟ ಚಂದಾಗಿ ಹಾಕಬಾರದಾ? ಮಂದಿ ನೋಡಿದ್ರ ಏನಂದಾರು?" ಎಂದು ನನಗೇ ಬೈಗುಳ. ಹೀಗೆ ಪುರಾವೆಗಳೆಲ್ಲ ಮನೆಯ ಸ್ವಚ್ಛತೆಗೆ ಬಲಿಯಾದವು.

ಪುರಾವೆ ಸಿಗದಿದ್ದರೆ ಆರೋಪಿಯನ್ನೇ ಅಳೆಯಬೇಕು. ಆ ರವಿವಾರ ಬಾಳು ಬಂದು ಕೈಕಾಲು ತೊಳೆದು ಕೂಡುವಷ್ಟರಲ್ಲಿ ನಾನು ಅಳತೆಯ ಟೇಪು ಹಿಡಿದು ನಿಂತಿದ್ದೆ.

"ಬಾಳೂ, ಆ ಕುರ್ಚಿ ಮ್ಯಾಲ ಕೂಡು. ಕಾಲು ಚಾಚು."

"ಯಾಕ್ರಿ ದಾಜಿ, ಲಗ್ನಕ್ಕ ಪ್ಯಾಂಟ್ ಹೊಲಸ್ತೀರೇನ್ರಿ?" ಎನ್ನುತ್ತಲೇ ಚಾಚಿದ. ಟೊಂಕದಿಂದ ಹಿಮ್ಮಡಿಯವರೆಗೆ ಅಳೆದೆ. ಕಾರಿನ ಸೀಟಿನಿಂದ ಕ್ಲಚ್ಚಿನವರೆಗಿನ ಅಳತೆ ನನ್ನ ತಲೆಯಲ್ಲಿತ್ತು. ಕೂದಲೆಳೆ ಕೂಡ ಹೆಚ್ಚುಕಡಿಮೆಯಿಲ್ಲ.

"ನನ್ನ ಗಾಡಿ ನೀನ ಹೊಡ್ಯಾಕತ್ತಿ" ಎಂದೆ.

ಬಾಳು ನನ್ನನ್ನು ನೋಡಿದ, ಅಕ್ಕನನ್ನು ನೋಡಿದ, ಕೊನೆಗೆ ಚಾಚಿದ ಕಾಲನ್ನು ಮೆಲ್ಲಗೆ ಎಳೆದುಕೊಂಡ. "ದಾಜಿ, ನಾ ಟ್ರ್ಯಾಕ್ಟರ್ ಹೊಡ್ಯಾಂವ. ನಿಮ್ಮ ಗಾಡಿಗೆ ಕೈ ಹಚ್ಚಾಕ ನಮ್ಮ ಯೋಗ್ಯತಾ ಎಲ್ಲೈತ್ರಿ?" ಎಂದು ಎದ್ದ. ಹಾಲಿನ ಕ್ಯಾನು ಬಾಗಿಲಲ್ಲಿಟ್ಟು, ಊಟ ಮಾಡದೆ ಮಧ್ಯಾಹ್ನದ ಬಸ್ಸಿಗೇ ಹೊರಟ. ಹೊರಡುವಾಗ ಅಕ್ಕನಿಗೆ, "ಅಕ್ಕಾ, ಲಗ್ನಕ್ಕ ನೀ ಬಾ. ದಾಜಿಗೆ ತ್ರಾಸ ಬ್ಯಾಡ" ಎಂದ.

ನಮ್ಮ ಕಡೆ ಈ ಮಾತಿಗೆ ಎಷ್ಟು ತೂಕ ಎಂಬುದು ತಿಳಿದವರಿಗೆ ತಿಳಿದಿರುತ್ತದೆ. ಬೀಗರ ಮುಂದೆ ಹುಡುಗಿಯ ಸೋದರತ್ತೆ ಒಬ್ಬಳೇ ಬಂದು ಕೂತರೆ, ಗಂಡ ಎಲ್ಲಿ ಎಂದು ಒಬ್ಬೊಬ್ಬರೂ ಕೇಳುತ್ತಾರೆ. ಸುಶೀಲಾ ನನ್ನೊಡನೆ ಜಗಳವಾಡಲಿಲ್ಲ. ಅದು ಹೆಚ್ಚು ಅಪಾಯ. ಹೊತ್ತಿಗೆ ಸರಿಯಾಗಿ ಭಕ್ಕರಿ ಬಡಿಸಿದಳು, ಚಹಾ ಕೊಟ್ಟಳು, ಮಾತು ಮಾತ್ರ ಕೊಡಲಿಲ್ಲ. ಮೂರನೆಯ ದಿನ, "ನಾ ಲಗ್ನ ಮುಗಿಸಿ ನೇಸರಿಯಾಗ ಒಂದಿಷ್ಟ ದಿನ ಇರತೇನಿ" ಎಂದಳು.

ಆಮೇಲೊಂದು ಸೋಮವಾರ ಲಗ್ನದ ಸೀರೆ ತರಲು ಕೊಲ್ಲಾಪುರಕ್ಕೆ ಹೋಗಬೇಕೆಂದಳು. ಬಸ್ಸಿಗೇ ಹೊರಟಿದ್ದಳು, ನಾನೇ ಬೇಡಿಕೊಂಡು ಕಾರಿನಲ್ಲಿ ಕರೆದೊಯ್ದೆ. ಅಂದು ಬೆಳಿಗ್ಗೆಯೂ ಸೀಟು ಹಿಂದೆ ಸರಿದಿತ್ತು. ಹಿಂದಿನ ದಿನ ಬಾಳು ಬಂದಿರಲಿಲ್ಲ, ಆದರೂ ಸರಿದಿತ್ತು. ನೇಸರಿಯಿಂದ ಯಾರನ್ನೋ ಕಳಿಸಿರಬೇಕು ಎಂದುಕೊಂಡು ಬಾಯಿ ಮುಚ್ಚಿ ಸರಿಪಡಿಸಿಕೊಂಡೆ. ಸೀರೆಯ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಬೀಗ ಹಾಕಿದೆ. ಸೋಮವಾರದ ಸವಾರಿಯ ನಡುವೆ ಕಾರಿಗೆ ಬೀಗ ಹಾಕಿದ್ದು ಅದೇ ಮೊದಲು. ಸೀರೆ ಆರಿಸಿ, ಗಂಟು ಹೊತ್ತು ಇಬ್ಬರೂ ಹೊರಗೆ ಬಂದೆವು. ನಾನು ದೂರದಿಂದಲೇ ಕೀಲಿಯ ಗುಂಡಿ ಒತ್ತಿದೆ. ದೀಪ ಮಿಣುಕಿತು. ಕಾರಿನೊಳಗೆ ಯಾರೂ ಇರಲಿಲ್ಲ. ಒಳಗೆ ಸೀಟು ಗುಂಯ್ ಎಂದು ತಾನೇ ಮೆಲ್ಲಗೆ ಹಿಂದೆ ಸರಿಯಿತು, ಆಮೇಲೆ ಒರಗಿಕೊಂಡಿತು, ಬದಿಯ ಕನ್ನಡಿಗಳು ಮುಖ ಮೇಲೆತ್ತಿದವು.

ಸುಶೀಲಾ ಗಂಟನ್ನು ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು, ಗಾಜಿನೊಳಗೆ ನೋಡಿದಳು. ಎಷ್ಟೋ ದಿನಗಳ ಮೇಲೆ ಅವಳು ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿದ್ದು ಆಗಲೇ. "ನೋಡ್ರಿ, ನಮ್ಮ ತಮ್ಮ ಕುಂತಾ."

ಅಲ್ಲಿಂದಲೇ ಬೆಲ್ಲದ ವ್ಯಾಪಾರಿಗೆ ಫೋನು ಹಚ್ಚಿದೆ. ಅವರು ನಕ್ಕ ನಗೆ ಫೋನಿಲ್ಲದಿದ್ದರೂ ಕೇಳಿಸುತ್ತಿತ್ತು. "ಅದು ನನ್ನ ಕೀಲಿ ಆಗಿರಬೇಕ್ರಿ. ಎರಡ ಕೀಲಿ ಕೊಟ್ಟೇನಲ್ಲಾ, ಒಂದು ನಾ ಬಳಸಾಂವ, ಅದಕ್ಕ ನನ್ನ ಉದ್ದ ಗೊತ್ತೈತಿ, ಬೀಗ ತಗದ ಕೂಡ್ಲೆ ಸೀಟು ನನ್ನ ಅಳತಿಗೆ ಸರೀತೈತಿ. ಇನ್ನೊಂದು ತಿಜೋರಿಯಾಗ ಇದ್ದದ್ದು, ಅದಕ್ಕ ಏನೂ ಗೊತ್ತಿಲ್ಲ. ನೀವು ಯಾವುದ ಬಳಸ್ತೀರಿ?"

ಎರಡನ್ನೂ. ಶೆಡ್ಡಿನಲ್ಲಿ ಪಾಳಿ ಬದಲಿಸುವುದು ಕಲಿತವನು ನಾನು. ಈ ವಾರ ಹಗಲಪಾಳಿ ಮಾಡಿದವನಿಗೆ ಮುಂದಿನ ವಾರ ಬೇರೆ ಪಾಳಿ. ಮನೆಯಲ್ಲೂ ಅದನ್ನೇ ನಡೆಸಿದ್ದೇನೆ. ಎರಡು ಟವೆಲ್ಲು, ಎರಡು ಜೋಡು ಚಪ್ಪಲಿ, ಎರಡು ಕೀಲಿ. ಯಾವುದೂ ಒಂದೇ ಸವೆಯಬಾರದು ಎಂದು ವಾರಕ್ಕೊಂದರಂತೆ ಬದಲಿಸುತ್ತೇನೆ. ಕೀಲಿಗಳ ಪಾಳಿ ಮಾತ್ರ ತಡವಾಗಿ, ಸೀಟು ಮೊದಲ ಸಲ ಸರಿದ ಆ ಸೋಮವಾರವೇ ಶುರುವಾಗಿತ್ತು. ಲೋಕದಲ್ಲಿ ಬೇರೆ ಯಾವ ಮನುಷ್ಯನೂ ಕಾರಿನ ಕೀಲಿಗಳಿಗೆ ಪಾಳಿ ಹಚ್ಚಿರಲಾರ. ಒಂದು ವಾರ ಬಿಟ್ಟು ಒಂದು ವಾರ ಬರುತ್ತಿದ್ದ ಆ ಜಾಣ ಕಳ್ಳನಿಗೆ ಡ್ಯೂಟಿ ಹಾಕುತ್ತಿದ್ದವನು ನಾನೇ.

ಮನೆಗೆ ಹೋಗಲಿಲ್ಲ. ಸೀರೆಯ ಗಂಟಿನೊಡನೆ ಹಾಗೆಯೇ ನೇಸರಿಗೆ ಹೋದೆವು. ಬಾಳು ಎಮ್ಮೆಗೆ ಮೇವು ಹಾಕುತ್ತಿದ್ದ. ಅವನ ಹೆಂಡತಿ, ಪಲ್ಲವಿ, ಲಗ್ನದ ಕೆಲಸಕ್ಕೆ ಬಂದ ಅಕ್ಕಪಕ್ಕದವರು ಎಲ್ಲ ಅಂಗಳದಲ್ಲಿದ್ದರು. ಎಲ್ಲರ ಮುಂದೆ ಅಂದದ್ದನ್ನು ಎಲ್ಲರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದು ಸುಶೀಲಾ ದಾರಿಯಲ್ಲಿ ಹೇಳಿದ್ದಳು. ಎಲ್ಲರ ಮುಂದೆ ನಾನು ಅಂದೇ ಇರಲಿಲ್ಲ ಎಂದು ನೆನಪಿಸಲು ಹೋದವನು ಆ ಯೋಚನೆ ಬಿಟ್ಟುಬಿಟ್ಟೆ. "ಬಾಳೂ, ತಪ್ಪು ನಂದು. ನನ್ನ ಗಾಡಿಗೆ ನೀ ಕೈ ಹಚ್ಚಿಲ್ಲ. ಇನ್ನ ಮ್ಯಾಲ ಈ ಮಾತು ನನ್ನ ಬಾಯಾಗ ಬರೂದಿಲ್ಲ" ಎಂದೆ. ಪಕ್ಕದ ಮನೆಯ ಅಜ್ಜಿಯೊಬ್ಬಳು ಕಿವಿ ಮಂದವೆಂದು ಇನ್ನೊಮ್ಮೆ ಹೇಳಿಸಿದಳು.

ಬಾಳು ಮೇವಿನ ಕೈ ಒರೆಸಿಕೊಳ್ಳುತ್ತ, "ಇರಲಿ ಬಿಡ್ರಿ ದಾಜಿ. ಮನಿ ಮಾತು" ಎಂದ. ಪಲ್ಲವಿ ಮಾತ್ರ, "ಮಾಮಾ, ಹಂಗಾರ ಲಗ್ನಕ್ಕ ಗಾಡಿ ಕೊಡ್ತೀರಿಲ್ಲ?" ಎಂದು ಕೇಳಿಯೇ ಬಿಟ್ಟಳು. ಕೊಡದೆ ಹೇಗೆ? ಅಷ್ಟೇ ಅಲ್ಲ, ಮನಸ್ಸು ತುಂಬಿ ಬಂದು, ಮಗಳನ್ನು ಅಪ್ಪನೇ ಓಡಿಸಿಕೊಂಡು ಹೋಗಲಿ ಎಂದೂ ಹೇಳಿದೆ.

ಲಗ್ನದ ದಿನ ಕಾರು ಹೂವಿನಲ್ಲಿ ಮುಳುಗಿತ್ತು. ಮುಂದೆ ಬಾಳು, ಪಕ್ಕದಲ್ಲಿ ಸುಶೀಲಾ. ಹಿಂದೆ ಪಲ್ಲವಿ ಮತ್ತು ನಾನು, ನಮ್ಮ ನಡುವೆ ಹಣ್ಣಿನ ಬುಟ್ಟಿ. ಓಣಿ ಇಕ್ಕಟ್ಟು, ಕಾರನ್ನು ಹಿಂದಕ್ಕೇ ತೆಗೆಯಬೇಕಿತ್ತು. ಈ ಕಾರಿನ ರಿವರ್ಸ್ ಗೇರು ಹೇಳಿಕೊಡದೆ ಯಾರಿಗೂ ಬೀಳುವುದಿಲ್ಲ. ಗೇರಿನ ಕೋಲನ್ನು ಕೆಳಕ್ಕೆ ಒತ್ತಿ, ಹಾಗೆಯೇ ಹಿಡಿದು ಎಡಕ್ಕೆ ತಳ್ಳಿ, ಆಮೇಲೆ ಮುಂದೆ ದೂಡಬೇಕು. ನನ್ನ ಮಿಸ್ತ್ರಿ ಕೂಡ ಮೊದಲ ದಿನ ಬೆವೆತಿದ್ದ. "ಬಾಳೂ, ಸ್ವಲ್ಪ ತಡಿ, ಅದನ್ನ ಹೆಂಗಂದ್ರ" ಎಂದು ನಾನು ಬುಟ್ಟಿಯ ಮೇಲಿಂದ ಬಾಗುವಷ್ಟರಲ್ಲಿ ಅವನ ಕೈ ಒತ್ತಿತು, ತಳ್ಳಿತು, ದೂಡಿತು. ಕಾರು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹಿಂದಕ್ಕೆ ಸರಿಯಿತು. ಕನ್ನಡಿಯಲ್ಲಿ ಅವನ ಕಣ್ಣು ನನ್ನ ಕಣ್ಣಿಗೆ ಸಿಕ್ಕು, ತಟ್ಟನೆ ರಸ್ತೆಗೆ ಹೋಯಿತು. ಸುಶೀಲಾ ಕಿಟಕಿಯಿಂದ ಹೊರಗೆ, ಏನೂ ಇಲ್ಲದ ಒಂದು ಗೋಡೆಯನ್ನು ಬಹಳ ಆಸ್ಥೆಯಿಂದ ನೋಡುತ್ತಿದ್ದಳು.

ಕೇಳಬಹುದಿತ್ತು. ಆದರೆ ಊರಮುಂದೆ, ಅಜ್ಜಿಗಾಗಿ ಎರಡು ಸಲ, ಈ ಮಾತು ಇನ್ನು ಬಾಯಲ್ಲಿ ಬರುವುದಿಲ್ಲ ಎಂದು ಕೊಟ್ಟ ಭಾಷೆ ಇತ್ತು. ಹಾಲ್ ಬರುವವರೆಗೆ ಲೆಕ್ಕ ಹಾಕಿದೆ. ಯಾವಾಗ ಓಡಿಸಿರಬಹುದು? ಯಾವಾಗ ಎಂದರೇನು, ರವಿವಾರ ಮಧ್ಯಾಹ್ನ ಊಟ ಮುಗಿಸಿ ನಾನು ಯಾವಾಗ ಮಲಗುತ್ತೇನೆ, ಯಾವಾಗ ಏಳುತ್ತೇನೆ ಎಂಬುದು ಓಣಿಯ ನಾಯಿಗೂ ಗೊತ್ತು. ಇಳಿಯುವಾಗ ಸೀಟನ್ನು ಮತ್ತೆ ನನ್ನ ಅಳತೆಗೇ ಸರಿಸಿಡುತ್ತಿದ್ದನೇನೋ. ಶಿಸ್ತಿನ ಮನುಷ್ಯನ ಮನೆಯಲ್ಲಿ ಕಳ್ಳನಿಗೆ ಗಡಿಯಾರ ಬೇಕಿಲ್ಲ.

ಈಗ ಬಾಳು ಮತ್ತೆ ರವಿವಾರ ರವಿವಾರ ಬರುತ್ತಾನೆ. ಮೊನ್ನೆ ಊಟವಾದ ಮೇಲೆ ನಾನು ಇನ್ನೂ ಪಡಸಾಲೆಯಲ್ಲಿ ಕೂತದ್ದನ್ನು ನೋಡಿ ಸುಶೀಲಾ, "ಯಾಕ್ರಿ, ನಿಮ್ಮ ಮಲಗೂ ಹೊತ್ತಾತಲ್ಲ?" ಎಂದಳು. ಹೋಗಿ ಮಲಗಿದೆ, ಕಣ್ಣು ಮುಚ್ಚಿದೆ, ಕಿವಿ ಮುಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ಕಾರು ಸ್ಟಾರ್ಟ್ ಆಯಿತು. ಅವನು ಸುಮ್ಮನೆ ಎಂಜಿನ್ ಬೊಬ್ಬಿರಿಸಲಿಲ್ಲ. ಎಣ್ಣೆ ಬಿಸಿಯಾಗಲಿ ಎಂದು ಓಣಿಯಲ್ಲಿ ಮೆಲ್ಲಗೆ, ನಾನು ಹೊಡೆಯುವಂತೆಯೇ ಹೋದ. ದೂರದ ನೇಸರಿ ರಸ್ತೆಯಲ್ಲಿ ಮೂರನೇ ಗೇರು ಬಿತ್ತು. ನಾನು ಹಾಕುವುದಕ್ಕಿಂತ ಚೆನ್ನಾಗಿ ಬಿತ್ತು. ಒಳಗೆ ಕೂತಾಗ ಆ ಧ್ವನಿ ಪೂರ್ತಿ ಕೇಳುವುದಿಲ್ಲ, ಹೊರಗೆ ಹಾಸಿಗೆಯಲ್ಲಿ ಮಲಗಿಯೇ ಕೇಳಬೇಕು ಎಂದು ಅಂದೇ ತಿಳಿಯಿತು. ಆದರೆ ಹೋಗುವಾಗ ಗೇಟು ಹಾಕಿದ ಸಪ್ಪಳ ಬರಲಿಲ್ಲ. ಎದ್ದು ಹೋಗಿ ಹಾಕಲು ಜೀವ ಚಡಪಡಿಸಿತು. ನಿದ್ದೆಯಲ್ಲಿರುವವನು ಗೇಟು ಹಾಕಲು ಹೇಗೆ ಬರುತ್ತಾನೆ?