ಪೂಜೆಗಿಟ್ಟ ಕ್ರೆಡಿಟ್ ಕಾರ್ಡು

ಓದುಗ ಬಂಧುಗಳಿಗೆ ಬ್ಯಾಡಗಿಯಿಂದ ಚೀಲದ ಬಸಪ್ಪನ ನಮಸ್ಕಾರ. ಮೆಣಸಿನಕಾಯಿ ಪೇಟೆಯಲ್ಲಿ ಹರಿದ ಗೋಣಿಚೀಲ ಕೊಂಡು, ಹೊಲಿದು, ಮಾರುವುದು ನನ್ನ ಉದ್ಯೋಗ. ಹತ್ತನೇ ತರಗತಿ ಪಾಸಾಗಿದ್ದು ನಲವತ್ತೊಂದನೆಯ ವಯಸ್ಸಿನಲ್ಲಿ, ಮಗಳ ಹಳೇ ಪುಸ್ತಕ ಓದಿ. ಇದನ್ನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ. ಒತ್ತಕ್ಷರ ಹುಡುಕುವಷ್ಟರಲ್ಲಿ ಹೇಳಬೇಕಾದ ಮಾತೇ ಮರೆತುಹೋಗುತ್ತದೆ. ಅಕ್ಷರದಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ವಿಷಯದಲ್ಲಿ ಮಾತ್ರ ತಪ್ಪಿಲ್ಲ.

ತಡವಾಗಿ ಅಕ್ಷರ ಕಲಿತವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಅದು ಸಹಿ ಮಾಡುವ ಚಟ. ಸಣ್ಣವರಿದ್ದಾಗಲೇ ಕಲಿತವರು ಸಹಿಯನ್ನು ಗೀಚಿ ಎಸೆದು ಹೋಗುತ್ತಾರೆ. ನಾನು ಹೆಬ್ಬೆಟ್ಟಿನ ಮಸಿಯನ್ನು ಗೋಡೆಗೆ ಒರೆಸಿ ಬಂದವನು. ಯಾರಾದರೂ ಇಲ್ಲಿ ಸಹಿ ಮಾಡ್ರಿ ಅಂದರೆ ನನಗೆ ಸನ್ಮಾನ ಮಾಡಿದಂತೆ ಆಗುತ್ತದೆ. ಪಕ್ಕದ ಮನೆಯವರ ಪಾರ್ಸಲ್ ಬಂದರೂ ಓಡಿಹೋಗಿ ಸಹಿ ಮಾಡುತ್ತೇನೆ. ಹೆಂಡತಿ ಶಾಂತವ್ವನ ಜೊತೆ ಜಂಟಿ ಖಾತೆ ತೆರೆಯಲು ಬ್ಯಾಂಕಿಗೆ ಹೋದ ದಿನ ಕೌಂಟರಿನ ಮೇಡಂ, "ಸಹಿ ಭಾಳ ಚಂದ ಮಾಡ್ತೀರಿ" ಅಂದರು. ಅಷ್ಟು ಸಾಕಾಯಿತು. ಅವರು ಕಾಗದ ಸರಿಸುತ್ತ ಹೋದರು, ನಾನು ಬಾಲ ಎಳೆದು ಎಳೆದು ಏಳು ಕಡೆ ಸಹಿ ಮಾಡಿದೆ. ಎಂಟನೆಯ ಕಾಗದ ಇರಲಿಲ್ಲವಲ್ಲ ಎಂದು ಬೇಸರವೂ ಆಯಿತು.

ತಿಂಗಳೊಪ್ಪತ್ತಿನಲ್ಲಿ ಬ್ಯಾಂಕಿನಿಂದ ದಪ್ಪನೆಯ ಲಕೋಟೆ ಬಂತು. ಮೇಲೆ ಬಂಗಾರದ ಬಣ್ಣದ ಅಕ್ಷರ. ಸರಿಯಾಗಿ ದೀಪಾವಳಿ. ಪೇಟೆಯಲ್ಲಿ ಎಲ್ಲರೂ ಲೆಕ್ಕದ ಪುಸ್ತಕ, ತಕ್ಕಡಿ ಪೂಜೆ ಮಾಡುತ್ತಾರೆ. ನನ್ನ ಹತ್ತಿರ ಪೂಜೆಗಿಡಲು ಇದ್ದದ್ದು ದಬ್ಬಣ ಮತ್ತು ಸುತಳಿ ಉಂಡೆ. ಈ ಸಲ ಲಕ್ಷ್ಮಿಯೇ ಅಂಚೆಯಲ್ಲಿ ಬಂದಿದ್ದಾಳೆಂದು ಲಕೋಟೆಯನ್ನೂ ದೇವರ ಜಗಲಿಯ ಮೇಲೆ ಇಟ್ಟೆ. ಶಾಂತವ್ವ ಅರಿಷಿಣ ಕುಂಕುಮ ಹಚ್ಚಿದಳು. ಪೂಜೆಯಾದದ್ದನ್ನು ಹರಿಯಲು ಮನಸ್ಸಾಗಲಿಲ್ಲ. ಹೀಗೆ ಮೂರು ದೀಪಾವಳಿ ಆ ಲಕೋಟೆ ಊದುಬತ್ತಿಯ ಹೊಗೆ ಕುಡಿಯಿತು.

ಈ ನಡುವೆ ಪಾಸ್‌ಬುಕ್ಕಿನಲ್ಲಿ ಆಗಾಗ ಇಂಗ್ಲಿಷಿನ ತುಂಡಕ್ಷರಗಳ ಮುಂದೆ ಹಣ ಕಡಿತವಾಗುತ್ತಿತ್ತು. ನಾನು ಅದನ್ನು ಸರಕಾರದ ತೆರಿಗೆ ಅಂದುಕೊಂಡಿದ್ದೆ. ಚೀಲ ಹೊಲಿಯುವವನಿಂದಲೂ ದೇಶ ನಡೆಯುತ್ತಿದೆಯಲ್ಲ ಎಂದು ಎದೆ ಉಬ್ಬಿಸಿ ನಾಲ್ಕು ಮಂದಿಗೆ ತೋರಿಸಿದ್ದೂ ಉಂಟು.

ಆ ಖಾತೆಯಲ್ಲಿದ್ದದ್ದು ಶಾಂತವ್ವನ ದುಡ್ಡು. ಮೆಣಸಿನಕಾಯಿ ತೊಟ್ಟು ಬಿಡಿಸಿ, ಸೀನಿ ಸೀನಿ ಕೂಡಿಸಿದ್ದು. ಚೀಲದ ಬಾಯಿ ಹೊಲಿಯುವ ಕೈಮಷಿನ್ನು ಕೊಳ್ಳಬೇಕೆಂಬುದು ಅವಳ ಆಸೆ. ದಬ್ಬಣ ಹಿಡಿದು ಹಿಡಿದು ನನ್ನ ಬಲಗೈ ಹೆಬ್ಬೆರಳು ಸೊಟ್ಟಗಾಗುವುದನ್ನು ಅವಳು ನೋಡುತ್ತಿದ್ದಳು. ಸುಗ್ಗಿಗೆ ಮೊದಲು ಇಬ್ಬರೂ ರಾಣೆಬೆನ್ನೂರಿಗೆ ಹೋದೆವು. ಅಂಗಡಿಯವನು ಮಷಿನ್ನು ಓಡಿಸಿ ತೋರಿಸಿ, ಡಬ್ಬಿಗೆ ಹಾಕಿ, ದಾರ ಕಟ್ಟಿದ. ಫೋನಿನಿಂದ ಹಣ ಕಳಿಸಲು ಹೋದರೆ ಖಾತೆಯಲ್ಲಿ ಸಾಕಷ್ಟು ಇಲ್ಲ ಅಂತ ಬಂತು. ಅವನು ದಾರ ಬಿಚ್ಚತೊಡಗಿದ. ಬೈದಿದ್ದರೆ ಚೆನ್ನಾಗಿತ್ತು. ಬಸ್ಸಿನಲ್ಲಿ ಬ್ಯಾಡಗಿ ಮುಟ್ಟುವವರೆಗೆ ಶಾಂತವ್ವ ಕಿಟಕಿ ಕಡೆಯೇ ನೋಡುತ್ತಿದ್ದಳು. ಇಳಿದ ಮೇಲೆ ಒಂದೇ ಮಾತು ಅಂದಳು.

"ನಾ ಡಬ್ಬ್ಯಾಗ ಇಡ್ತೇನಿ ಅಂದಿದ್ದೆ. ಡಬ್ಬಿ ಎಂದೂ ರೊಕ್ಕ ಮುರಕೊಂಡಿದ್ದಿಲ್ಲ."

ಆವತ್ತೇ ಪಾಸ್‌ಬುಕ್ಕು ಹಿಡಿದು ಖಾದರ್‌ಸಾಬರ ಜೆರಾಕ್ಸ್ ಅಂಗಡಿಗೆ ಹೋದೆ. ಊರಿನ ಅರ್ಧ ಅರ್ಜಿಗಳು ಹುಟ್ಟುವುದು ಅಲ್ಲೇ. ಅವರು ಕನ್ನಡಕ ಏರಿಸಿ ಓದಿದರು.

"ಬಸಣ್ಣ, ಇದು ತೆರಿಗಿ ಅಲ್ಲೋ ಮಾರಾಯ. ಕ್ರೆಡಿಟ್ ಕಾರ್ಡಿನ ವರ್ಷದ ಫೀ. ಫೀ ತುಂಬಲಿಲ್ಲಂತ ದಂಡ, ದಂಡ ತುಂಬಲಿಲ್ಲಂತ ಬಡ್ಡಿ. ಎಲ್ಲಾ ಕೂಡಿ ನಾಕು ಸಾವಿರದ ಮುನ್ನೂರಾ ಎಂಬತ್ತು."

ನನ್ನ ಹತ್ತಿರ ಕಾರ್ಡೇ ಇಲ್ಲ ಅಂದೆ. ಬ್ಯಾಂಕಿನಿಂದ ಲಕೋಟೆ ಏನಾದರೂ ಬಂದಿತ್ತೇನು ಅಂದರು. ನನಗೆ ಜಗಲಿ ನೆನಪಾಯಿತು. ಸಂಗತಿ ಕೇಳಿ ಖಾದರ್‌ಸಾಬರು ನಗುತ್ತ ನಗುತ್ತ ಜೆರಾಕ್ಸ್ ಮಷಿನ್ನಿನ ಮೇಲೆ ತಲೆಯಿಟ್ಟರು. ಆಮೇಲೆ ಕಣ್ಣೊರೆಸಿಕೊಂಡು, ಆ ಲಕೋಟೆಯನ್ನು ಯಾವ ಕಾರಣಕ್ಕೂ ಒಡೆಯಬೇಡ, ಬರವಣಿಗೆಯಲ್ಲಿ ದೂರು ಕೊಡು, ಎರಡು ಪ್ರತಿ ಮಾಡಿಸು, ಒಂದರ ಮೇಲೆ ಬ್ಯಾಂಕಿನ ಸೀಲು ತಾರೀಖು ಹಾಕಿಸಿಕೊ ಎಂದು ಪಾಠ ಹೇಳಿದರು.

ದೂರು ನಾನೇ ಬರೆಯುತ್ತೇನೆಂದು ಹಟ ಹಿಡಿದೆ. ಆದರೆ ಪರೀಕ್ಷೆಗೆ ನಾನು ಬಾಯಿಪಾಠ ಮಾಡಿದ್ದು ಒಂದೇ ಪತ್ರ, ರಜೆ ಅರ್ಜಿ. ಹಾಗಾಗಿ ನನ್ನ ದೂರು, ನನ್ನ ಖಾತೆಗೆ ಮೂರು ವರ್ಷದಿಂದ ಆರೋಗ್ಯ ಸರಿಯಿಲ್ಲದ ಕಾರಣ ಹಣ ಮಂಜೂರು ಮಾಡಬೇಕೆಂದು ಕೋರಿ, ಇಂತಿ ತಮ್ಮ ವಿಧೇಯ ವಿದ್ಯಾರ್ಥಿ ಎಂದು ಮುಗಿಯಿತು. ಖಾದರ್‌ಸಾಬರು ವಿದ್ಯಾರ್ಥಿಯನ್ನು ಹೊಡೆದು ಗ್ರಾಹಕ ಎಂದು ತಿದ್ದಿದರು. ಉಳಿದದ್ದು ಇರಲಿ ಬಿಡು, ಖರೇನೇ ಐತಿ ಅಂದರು.

ಒಂದು ತಿಂಗಳು ಉತ್ತರವಿಲ್ಲ. ಹೋದಾಗಲೆಲ್ಲ ಮೇಲಿನಿಂದ ಆಗಬೇಕು ಅನ್ನುತ್ತಿದ್ದರು. ನಾನು ಎರಡು ಸಲ ಚಾವಣಿಯ ಕಡೆ ನೋಡಿದೆ, ಫ್ಯಾನು ಬಿಟ್ಟರೆ ಏನೂ ಕಾಣಲಿಲ್ಲ. ಕಡೆಗೆ ಲಕೋಟೆಯನ್ನು ಟವಲಿನಲ್ಲಿ ಸುತ್ತಿಕೊಂಡು ನೇರ ಮ್ಯಾನೇಜರ ಕೋಣೆಗೆ ಹೋದೆ. ಅವರು ಮಂಡ್ಯ ಕಡೆಯವರು. ಫೈಲಿನಿಂದ ಕಾರ್ಡಿನ ಅರ್ಜಿ ತೆಗೆದು ನನ್ನ ಮುಂದಿಟ್ಟು, "ನೀವೇ ಸೈನ್ ಮಾಡಿದ್ದೀರಲ್ಲ ಬಸಪ್ಪನವರೇ" ಅಂದರು. ನೋಡಿದೆ. ಏಳರಲ್ಲಿ ಅತಿ ಚಂದದ ಸಹಿ ಅದೇ. ಒಂದು ಕ್ಷಣ ಸಿಟ್ಟನ್ನೂ ಮರೆತೆ. ಆದರೆ ಅಂಗಡಿಯವನು ದಾರ ಬಿಚ್ಚಿದ್ದು ನೆನಪಾಯಿತು. ಟವಲು ಬಿಡಿಸಿ ಲಕೋಟೆ ಇಟ್ಟೆ.

"ಸಹಿ ನಂದ ಐತ್ರಿ, ಇಲ್ಲನ್ನಂಗಿಲ್ಲ. ಓದದ ಮಾಡಿದ್ದು ನನ್ನ ತಪ್ಪು. ಆದರ ನಮ್ಮ ಪ್ಯಾಟ್ಯಾಗ ಬಾಯಿ ಬಿಚ್ಚದ ಚೀಲಕ್ಕ ದಲಾಲಿ ಮುರಕೊಳ್ಳಂಗಿಲ್ರಿ ಸಾಹೇಬ್ರ. ಇದರ ಬಾಯಿ ನೋಡ್ರಿ, ನೀವು ಅಂಟಿಸಿದ್ದು ಹಂಗ ಐತಿ. ಇಲ್ಲಿ ಆಗಂಗಿಲ್ಲ ಅಂದ್ರ ಹೇಳ್ರಿ, ಬ್ಯಾಂಕಿನ ಮ್ಯಾಲಿನ ದೂರು ಕೇಳೊ ಒಂಬುಡ್ಸ್‌ಮನ್‌ಗೆ ಬರದ ಅರ್ಜಿ ಕಿಸೆದಾಗ ಐತಿ."

ಮ್ಯಾನೇಜರು ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಬೆರಳಿಗೆಲ್ಲ ಕುಂಕುಮವಾಯಿತು. ಪೂಜೆ ಮಾಡಿದ್ದೀರಾ ಎಂದು ಕೇಳಿದರು. ಮೂರು ವರ್ಷ, ಕಾಯಿ ಸಹಿತ ಅಂದೆ. ಅವರು ಬಹಳ ಹೊತ್ತು ಕಂಪ್ಯೂಟರ್ ನೋಡಿ, ಕಾರ್ಡು ಒಮ್ಮೆಯೂ ಚಾಲೂ ಆಗಿಲ್ಲ, ನಾನೇ ಮೇಲಿನವರಿಗೆ ಬರೆಯುತ್ತೇನೆ ಅಂದರು. ಹನ್ನೆರಡು ದಿನಕ್ಕೆ ಫೋನು ಟಿಣ್ ಎಂದಿತು. ನಾಲ್ಕು ಸಾವಿರದ ಮುನ್ನೂರ ಎಂಬತ್ತು, ಒಂದು ಪೈಸೆ ಕಡಿಮೆಯಿಲ್ಲ.

ಮಷಿನ್ನು ಮನೆಗೆ ಬಂತು. ಮೊದಲ ಚೀಲವನ್ನು ಶಾಂತವ್ವನೇ ಹೊಲಿದಳು. ಬ್ಯಾಂಕನ್ನು ಗೆದ್ದ ಗಂಡ ಎಂದು ಹೊಗಳುತ್ತಾಳೇನೋ ಎಂದು ನಾನು ಅಲ್ಲೇ ಸುಳಿದಾಡುತ್ತಿದ್ದೆ. ಅವಳು ದಾರ ಕತ್ತರಿಸಿ, "ಮೂರು ವರ್ಷ ನನ್ನ ರೊಕ್ಕ ಸುಮ್ಮನ ಸಿಕ್ಕೊಂಡಿತ್ತು. ವರ್ಷಕ್ಕೊಂದು ಚೀಲದಂಗ ಮೂರು ಚೀಲ ಮೆಣಸಿನಕಾಯಿ ತೊಟ್ಟು ನೀವ ಬಿಡಸ್ರಿ" ಅಂದಳು. ಸದ್ಯ ಎರಡನೆಯ ಚೀಲದಲ್ಲಿದ್ದೇನೆ. ಅಂಗೈ ಉರಿಯುತ್ತಿದೆ, ಕಣ್ಣು ಒರೆಸಿಕೊಳ್ಳುವಂತಿಲ್ಲ. ಇದರ ಮೇಲೆ ಯಾರಿಗೆ ಅರ್ಜಿ ಹಾಕಬೇಕೆಂದು ಖಾದರ್‌ಸಾಬರನ್ನು ಕೇಳಿದೆ. ಅವರು ತಮ್ಮ ಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, ನನ್ನದೇ ಎರಡು ದಂಡ ಬಾಕಿ ಅದಾವ, ಸುಮ್ಮನ ಬಿಡಸು ಅಂದರು.

ಬ್ಯಾಂಕು ಮುರಿದುಕೊಂಡ ದುಡ್ಡನ್ನು ಮರಳಿ ಪಡೆದವರು ನಿಮ್ಮಲ್ಲೂ ಇದ್ದರೆ ಹೇಗೆ ಪಡೆದಿರೆಂದು ಬರೆಯಿರಿ, ನಾಲ್ಕು ಮಂದಿಗೆ ಉಪಯೋಗವಾದೀತು. ಮನೆಯಲ್ಲಿ ಹಾಕಿದ ದಂಡವನ್ನು ಮನ್ನಾ ಮಾಡಿಸಿಕೊಂಡವರು ಯಾರಾದರೂ ಇದ್ದರೆ ಮಾತ್ರ ದಯವಿಟ್ಟು ಲಗೂನ ಬರೆಯಿರಿ. ಮೂರನೆಯ ಚೀಲದ ಬಾಯಿಯನ್ನು ಶಾಂತವ್ವ ನಾಳೆ ಬಿಚ್ಚುತ್ತಾಳೆ.