ರಸಮಟ್ಟದ ಗುಳ್ಳೆ ನಿಂತ ಜಾಗ

"ಜಾಗ ಆರಿಸೋದು ಅಂದ್ರೆ ಏನು ಅಂತ ನಾನು ತೋರಿಸ್ತೀನಿ!" ಎಂದು ಟೈಲ್ಸ್ ಮೇಸ್ತ್ರಿ ಊಟದ ಮೇಜು ಕುಟ್ಟಿ ಘೋಷಿಸಿದಾಗ ನೆಂಟರೆಲ್ಲ ಬಾಯಿಗೆ ಒಯ್ದ ತುತ್ತನ್ನು ಅಲ್ಲೇ ನಿಲ್ಲಿಸಿದರು. ಅವನ ಹೆಂಡತಿ ಮಾತ್ರ ನೀರಿನ ಲೋಟ ಬೀಳದಂತೆ ಹಿಡಿದುಕೊಂಡಳು. ಗಂಡ ಮೇಜು ಕುಟ್ಟಿದಾಗಲೆಲ್ಲ ಏನಾದರೊಂದು ಒಡೆಯುತ್ತದೆ ಎಂಬುದು ಅವಳ ಅನುಭವ.

ಇದಕ್ಕೆಲ್ಲ ಮೂಲ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ. ಈ ಮಹಾಶಯ ಹುಟ್ಟುವಾಗಲೇ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಬಂದಿದ್ದ. ರಜೆ ಸಿಕ್ಕಿತೋ, ಬೆಟ್ಟಕ್ಕೆ ಓಟ! ಅಲ್ಲಿ ಡೇರೆ, ಡೇರೆಯ ಹಿಂದೆ ಸರೋವರ, ಸರೋವರದ ಹಿಂದೆ ಹಿಮದ ಶಿಖರ, ಎಲ್ಲಕ್ಕೂ ಮುಂದೆ ಹಲ್ಲು ಕಿರಿದ ತಾನು. ಫೋಟೋ ಕುಟುಂಬದ ಗ್ರೂಪಿಗೆ ಬಂದು ಬೀಳುತ್ತಿತ್ತು. ಅವತ್ತು ಊಟದ ನಡುವೆ ಅವನು ತಣ್ಣಗೆ ಹೇಳಿದ್ದಿಷ್ಟೇ: "ನೋಡೋ ಜಾಗ ಬೇಕಾದ್ರೆ ನನ್ನ ಕೇಳಿ. ಬಚ್ಚಲು ನುಣ್ಣಗಾಗ್ಬೇಕಾದ್ರೆ ನಮ್ಮ ರಸಮಟ್ಟನ್ನ ಕೇಳಿ."

ರಸಮಟ್ಟ ಎಂಬುದು ಮೇಸ್ತ್ರಿಗೆ ಬಿದ್ದ ಅಡ್ಡಹೆಸರು. ನೆಲ ಸಮ ಇದೆಯೋ ಇಲ್ಲವೋ ನೋಡಲು ಗಾರೆಯವರು ಇಡುವ ಪಟ್ಟಿ ಇರುತ್ತದಲ್ಲ, ನಡುವೆ ಹಸಿರು ದ್ರವ, ಅದರೊಳಗೊಂದು ಗಾಳಿಗುಳ್ಳೆ, ಅದೇ ರಸಮಟ್ಟ. ಗುಳ್ಳೆ ನಡುವೆ ನಿಂತರೆ ನೆಲ ಸಮ, ಪಕ್ಕಕ್ಕೆ ಸರಿದರೆ ಓರೆ. ಅದನ್ನು ಬಿಟ್ಟು ಈ ಮನುಷ್ಯ ಹೊರಗೆ ಕಾಲಿಟ್ಟವನಲ್ಲ. ಹೋಟೆಲಿನ ಮೇಜಿನ ಮೇಲೆ ಇಟ್ಟು ನೋಡುತ್ತಿದ್ದ. ಜ್ವರ ಬಂದು ಡಾಕ್ಟರ ಬಳಿ ಹೋದಾಗ ಮಲಗುವ ಮುನ್ನ ಅವರ ಮಂಚದ ಮೇಲೂ ಇಟ್ಟು, "ಡಾಕ್ಟ್ರೇ, ನಿಮ್ಮ ಮಂಚ ಕಾಲಿನ ಕಡೆ ಇಳೀತಿದೆ, ರೋಗಿಗಳು ಜಾರಿ ಹೋಗ್ತಾರೆ" ಎಂದಿದ್ದ. ಡಾಕ್ಟರು ದೊಡ್ಡ ಸೂಜಿಯನ್ನೇ ಆರಿಸಿಕೊಂಡರು ಎಂದು ಹೆಂಡತಿಗೆ ಇಂದಿಗೂ ಅನುಮಾನ.

ಆದರೆ ಹೆಂಡತಿಗೆ ಷಡ್ಡಕನೂ ಬೇಡ, ಪಂಥವೂ ಬೇಡ. ಅವಳ ಆಸೆ ಸಣ್ಣದು. ಅವರ ಮನೆ ಹಿಮದ ಬೆಟ್ಟಗಳ ತಪ್ಪಲಿನ ಪೇಟೆಯಲ್ಲಿ, ಗಲ್ಲಿಯೊಳಗಿನ ಗಲ್ಲಿಯಲ್ಲಿತ್ತು. ಮಲಗುವ ಕೋಣೆಯ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ, ಅಡುಗೆಮನೆಯ ಕಿಟಕಿ ತೆರೆದರೆ ಹಿಂದಿನ ಮನೆಯ ಗೋಡೆ. ಮದುವೆಯಾದಾಗಿನಿಂದ ದಿನಾ ಬೆಳಗ್ಗೆ ಕಣ್ಣುಬಿಟ್ಟರೆ ಕಾಣುವುದು ಒಂದೇ ಗೋಡೆ, ಅದರಲ್ಲೊಂದು ಬಿರುಕು.

"ಒಂದೇ ಒಂದು ಬೆಳಗ್ಗೆ ರೀ. ಕಣ್ಣು ಬಿಟ್ಟ ಕೂಡ್ಲೇ ಬೆಟ್ಟ ಕಾಣ್ಬೇಕು. ಅಷ್ಟು ಸಾಕು ನಂಗೆ."

"ಬೆಟ್ಟ ತಾನೇ? ನಿನ್ನ ಹಾಸಿಗೆ ಪಕ್ಕಕ್ಕೇ ತಂದು ನಿಲ್ಲಿಸ್ತೀನಿ ಕಣೇ!" ಎಂದ ಮೇಸ್ತ್ರಿ.

ಸೋಮವಾರ ದೊಡ್ಡ ಕೆಲಸವೊಂದು ಶುರುವಾಗುವುದಿತ್ತು. ಆದ್ದರಿಂದ ಸಿಗುವುದು ಒಂದೇ ರಾತ್ರಿ, ಒಂದೇ ಬೆಳಗ್ಗೆ. ಡೇರೆ, ಗೂಟ, ಸುತ್ತಿಗೆ, ಕಂಬಳಿಗಳನ್ನು ಕಾರಿಗೆ ತುರುಕಿ ಇಬ್ಬರೂ ಹೊರಟರು. ರಸಮಟ್ಟ ಮುಂದಿನ ಸೀಟಿನಲ್ಲಿ ಕೂತಿತು. ಹೆಂಡತಿ ಹಿಂದೆ.

ಘಟ್ಟ ಹತ್ತಿದ ಮೇಲೆ ಮೊದಲ ಜಾಗ ತಾನಾಗಿ ಎದುರಾಯಿತು. ಹೊಳೆ ತಿರುಗುವ ಮೂಲೆ, ಬಿಳಿ ಕಲ್ಲುಗಳು, ಎದುರಿಗೆ ಹಿಮದ ಸಾಲು. ಹೆಂಡತಿ ಕಾರಿನಿಂದ ಇಳಿದವಳು ಬಾಗಿಲು ಹಾಕುವುದನ್ನೂ ಮರೆತು ನಿಂತಳು. ಮೇಸ್ತ್ರಿ ಮಂಡಿಯೂರಿ ರಸಮಟ್ಟವನ್ನು ನೆಲಕ್ಕಿಟ್ಟ.

"ಉಹುಂ. ಗುಳ್ಳೆ ಎಡಕ್ಕೆ ಹೋಯ್ತು. ನಡಿ."

ಎರಡನೆಯದು ಮರಗಳ ನಡುವಿನ ದಿಬ್ಬ. ಅಲ್ಲಿಂದ ಇಡೀ ಕಣಿವೆ ಅಂಗೈಯಲ್ಲಿಟ್ಟಂತೆ ಕಾಣುತ್ತಿತ್ತು.

"ಅಯ್ಯೋ, ಗುಳ್ಳೆ ಓಡೇ ಹೋಯ್ತಲ್ಲೇ! ಇಲ್ಲಿ ಮಲಗಿದ್ರೆ ಬೆಳಗ್ಗೆ ಹೊತ್ತಿಗೆ ನಾವು ಕಣಿವೆಯಲ್ಲಿರ್ತೀವಿ."

ಮೂರನೆಯದು ಸರೋವರದ ಮೇಲಿನ ಹುಲ್ಲುಗಾವಲು. ಷಡ್ಡಕನ ಫೋಟೋದಲ್ಲಿದ್ದುದಕ್ಕಿಂತ ಸರೋವರ ದೊಡ್ಡದು, ನೀಲಿಯೂ ಹೆಚ್ಚು. ಹೆಂಡತಿ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಕೂತೇಬಿಟ್ಟಳು. "ಇಲ್ಲೇ ರೀ. ನಾನಂತೂ ಇಲ್ಲಿಂದ ಏಳಲ್ಲ."

ಮೇಸ್ತ್ರಿ ಪಟ್ಟಿಯನ್ನು ಉದ್ದಕ್ಕೆ ಇಟ್ಟ, ಅಡ್ಡಕ್ಕೆ ಇಟ್ಟ, ಕೆನ್ನೆ ನೆಲಕ್ಕೆ ತಾಗಿಸಿ ಒಂದು ಕಣ್ಣು ಮುಚ್ಚಿ ನೋಡಿದ. "ಉದ್ದಕ್ಕೆ ಸರಿಯಿದೆ. ಅಡ್ಡಕ್ಕೆ ಸರಿಯಿಲ್ಲ."

"ಅಡ್ಡಕ್ಕೆ ಸರಿಯಿಲ್ದೇ ಇರೋದು ನೀವು! ಇದು ಬೆಟ್ಟ ರೀ, ಬಚ್ಚಲಲ್ಲ! ಬೆಟ್ಟ ಓರೆಯಾಗಿಲ್ದೇ ಇನ್ನೇನು ಮಟ್ಟಸವಾಗಿರುತ್ತಾ?"

"ನೋಟ ಯಾರು ಬೇಕಾದ್ರೂ ನೋಡ್ತಾರೆ ಕಣೇ. ನೆಲ ನೋಡೋಕೆ ಯೋಗ್ಯತೆ ಬೇಕು. ಓರೆ ನೆಲದಲ್ಲಿ ಮಲಗಿದ್ರೆ ರಕ್ತ ಎಲ್ಲಾ ತಲೆಗೆ ಇಳಿಯುತ್ತೆ."

"ಇಳೀಲಿ ಬಿಡಿ. ಅಲ್ಲಿ ಹೇಗೂ ಜಾಗ ಖಾಲಿ ಇದೆ."

ಆದರೂ ಎದ್ದಳು. ಚಪ್ಪಲಿ ಕೈಯಲ್ಲೇ ಹಿಡಿದು ಕಾರು ಹತ್ತಿದಳು. ಅಲ್ಲಿಂದ ಮುಂದೆ ಅವಳು ಮಾತಾಡಲಿಲ್ಲ. ಮೇಸ್ತ್ರಿಗೆ ಇದು ಒಪ್ಪಿಗೆಯ ಮೌನದಂತೆ ಕೇಳಿಸಿತು. ಗಂಡಸರ ಕಿವಿಗೆ ಹೆಂಗಸರ ಮೌನ ಯಾವತ್ತೂ ಹಾಗೇ ಕೇಳಿಸುವುದು.

ಹೊತ್ತು ಇಳಿಯಿತು. ಮಂಜು ಕವಿದು ಶಿಖರಗಳೆಲ್ಲ ಮಾಯವಾದವು. ಅಷ್ಟರಲ್ಲಿ ರಸ್ತೆಯ ಪಕ್ಕದಲ್ಲೇ ಹಸಿರು ಹುಲ್ಲಿನ ಸಣ್ಣ ಬಯಲೊಂದು ಕಂಡಿತು. ಅದರ ಆ ಕಡೆಯ ಅಂಚಿಗೆ ದಟ್ಟವಾದ ಪೊದೆಯ ಸಾಲು. ಮೇಸ್ತ್ರಿ ಓಡಿಹೋಗಿ ರಸಮಟ್ಟ ಇಟ್ಟ. ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. ಗುಳ್ಳೆ ನಟ್ಟನಡುವೆ! ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲ! ಮೇಸ್ತ್ರಿಯ ಕಣ್ಣು ತುಂಬಿ ಬಂತು.

"ಬಾರೇ, ನೋಡು ಬಾ! ದೇವರು ನನಗೋಸ್ಕರಾನೇ ಮಟ್ಟ ಹೊಡೆದು ಇಟ್ಟಿದ್ದಾನೆ! ಅವನಿಗೊಂದು ಕೈ ಮುಗೀಬೇಕು, ಎಂಥಾ ಕೆಲಸಗಾರ!"

ಹೆಂಡತಿ ಬಯಲಿನ ನಡುವೆ ಕೂತು ಎದುರಿಗೆ ನೋಡಿದಳು. "ಪೊದೆ ಕಾಣ್ತಿದೆ" ಎಂದಳು. "ಬೆಳಗ್ಗೆ ಕಣ್ಣು ಬಿಟ್ರೂ ಪೊದೆಯೇ ಕಾಣೋದು. ಅಲ್ಲಿ ಸಿಮೆಂಟಿನ ಗೋಡೆ, ಇಲ್ಲಿ ಹಸಿರು ಗೋಡೆ. ಅಷ್ಟೇ ವ್ಯತ್ಯಾಸ."

ಆ ಮಾತು ಮೇಸ್ತ್ರಿಗೆ ಚುರುಕ್ ಎಂದಿತು. ನಿಜಕ್ಕೂ ಎಂದಿತು. ಆದರೆ ಕತ್ತಲಾಗುತ್ತಾ ಬಂದಿತ್ತು, ಸೋಲೊಪ್ಪಿಕೊಂಡರೆ ಷಡ್ಡಕ ಆಡಿಕೊಂಡು ನಗುತ್ತಾನೆ, ಮೇಲಾಗಿ ಗುಳ್ಳೆ ನಡುವಲ್ಲಿದೆ! ಅವನು ಗೂಟದ ಚೀಲ ಬಿಚ್ಚಿದ.

"ಇದೇನ್ರೀ, ಹುಲ್ಲಿನ ಮಧ್ಯೆ ಕಬ್ಬಿಣದ ಕೊಳವೆ?"

"ಸರ್ವೇಯವರು ಗಡಿ ಗುರುತಿಗೆ ನೆಟ್ಟಿರ್ತಾರೆ."

"ಅದರಿಂದ ಹೊಗೆ ಬರ್ತಿದೆ."

"ಹೊಗೆಯಲ್ಲ, ಮಂಜು." ಮೇಸ್ತ್ರಿ ಕೊಳವೆ ಮುಟ್ಟಿ ನೋಡಿ ಕುಣಿದಾಡಿದ. "ಬಿಸಿಯಾಗಿದೆ ಕಣೇ! ಬೆಟ್ಟದ ಒಳಗಿನ ಶಾಖ! ಪುಕ್ಕಟೆ!" ಹೊಳೆಯಲ್ಲಿ ನೆನೆದ ತನ್ನ ಕಾಲುಚೀಲಗಳನ್ನು ಉಂಡೆಮಾಡಿ ಕೊಳವೆಯ ಬಾಯಿಗೆ ತುರುಕಿ, ಮೇಲೆ ಬೂಟನ್ನೂ ಕವುಚಿಟ್ಟ.

"ರೀ, ಈರುಳ್ಳಿ ಹುರಿಯೋ ವಾಸನೆ ಬರ್ತಿದೆ."

"ಕಾಡು ಈರುಳ್ಳಿ ಇರುತ್ತೆ, ಬೆಟ್ಟದಲ್ಲಿ."

"ಕಾಡು ಈರುಳ್ಳಿ ತನ್ನಷ್ಟಕ್ಕೆ ತಾನೇ ಹುರ್ಕೊಳ್ಳುತ್ತಾ?"

ಉತ್ತರವಾಗಿ ಮೇಸ್ತ್ರಿ ಸುತ್ತಿಗೆ ಎತ್ತಿದ. ಮೊದಲ ಏಟಿಗೆ ಗೂಟ ಬೆಣ್ಣೆಗೆ ಇಳಿದಂತೆ ಇಳಿಯಿತು. ಎರಡನೇ ಏಟಿಗೆ ಟಕ್ ಎಂದಿತು. "ಬೇರು ಅಡ್ಡ ಬಂತು" ಎಂದು ಅಂಗೈಗೆ ಉಗುಳಿಕೊಂಡು ದೇಹದ ಶಕ್ತಿಯೆಲ್ಲ ಸೇರಿಸಿ ಬೀಸಿದ. ದಬಕ್! ಗೂಟ ಮಾಯ! ನೆಲದಲ್ಲಿ ತೂತು, ತೂತಿನಲ್ಲಿ ಬೆಳಕು.

ಕೆಳಗಿನಿಂದ ಮೊದಲು ಪಾತ್ರೆ ಉರುಳಿದ ಸದ್ದು ಬಂತು. ಆಮೇಲೆ ಕೆಮ್ಮು. ಆಮೇಲೆ ಒಂದು ಕಂಚಿನ ಕಂಠ:

"ಯಾರದು ನನ್ನ ತಲೆ ಮೇಲೆ?"

ಮೇಸ್ತ್ರಿಗೆ ಗರ ಬಡಿದಂತಾಯಿತು. ಅವನ ಜೀವಮಾನದಲ್ಲಿ ನೆಲ ಮಾತಾಡಿದ್ದು ಇದೇ ಮೊದಲು.

ಪೊದೆಯ ಪಕ್ಕದ ಮೆಟ್ಟಿಲು ಹತ್ತಿ ಒಬ್ಬ ವೃದ್ಧೆ ಬಂದರು. ಕೈಯಲ್ಲಿ ಸೌಟು, ಮುಖವೆಲ್ಲ ಮಸಿ, ಬೆಳ್ಳಗೆ ಕಂಡದ್ದು ಕಣ್ಣು ಮಾತ್ರ. ಆಗ ತಿಳಿಯಿತು: ಅದು ಬಯಲಲ್ಲ, ಚಾವಣಿ! ಇಳಿಜಾರನ್ನು ಕೊರೆದು ಕಟ್ಟಿದ ಮನೆ. ಬೆನ್ನು ರಸ್ತೆಗೆ ಸಮ, ಮುಖ ಕಣಿವೆಯ ಕಡೆಗೆ. ಚಳಿ ತಡೆಯಲೆಂದು ಹಲಗೆಯ ಮೇಲೆ ಮಣ್ಣು ಹರಡಿ ಹುಲ್ಲು ಬೆಳೆಸಿದ್ದರು. ವೃದ್ಧೆ ಜೀವನವಿಡೀ ಪಾಠ ಹೇಳಿ ನಿವೃತ್ತರಾದ ಟೀಚರಮ್ಮ ಎಂಬುದು ಆ ದನಿಯಲ್ಲೇ ಗೊತ್ತಾಗುತ್ತಿತ್ತು.

"ಜನ ತಲೆ ಮೇಲೆ ಹತ್ತಿ ಕೂತ್ಕೋತಾರೆ ಅಂತ ಕೇಳಿದ್ದೆ" ಎಂದರು ಟೀಚರಮ್ಮ. "ಗೂಟ ಹೊಡೆದು ಡೇರೆ ಹಾಕ್ಕೊಂಡು ಕೂತ್ಕೊಳ್ಳೋರನ್ನ ಇವತ್ತೇ ನೋಡಿದ್ದು! ನಿನ್ನ ಗೂಟ ನನ್ನ ಬಾಣಲೆಯಲ್ಲಿದೆ. ಹುರಿದು ಕೊಡ್ಲಾ, ಹಾಗೇ ತಿಂತೀಯಾ?"

"ಅದು... ನೆಲ ಮಟ್ಟಸವಾಗಿತ್ತು, ಅದಕ್ಕೇ..."

"ಕೊಳವೆಗೆ ತುರುಕಿದ್ದೇನು?"

"ಕಾಲುಚೀಲ ಟೀಚರ್." ಮೇಸ್ತ್ರಿಯ ಕೈ ತಾನಾಗಿ ಕಟ್ಟಿಕೊಂಡಿತ್ತು.

"ತೊಳೆದದ್ದಾ?"

ಮೇಸ್ತ್ರಿ ತಲೆ ತಗ್ಗಿಸಿದ. ಟೀಚರಮ್ಮ ಹೆಂಡತಿಯ ಕಡೆ ತಿರುಗಿದರು. ದನಿ ಮೆತ್ತಗಾಯಿತು. "ನಿನಗೇನಮ್ಮಾ ಆಗಿತ್ತು? ನೀನಾದ್ರೂ ಹೇಳ್ಬಾರ್ದಿತ್ತಾ?"

"ಹೇಳಿದೆ. ಹೊಗೆ ಅಂದೆ, ಈರುಳ್ಳಿ ಅಂದೆ. ನನ್ನ ಮಾತಿಗೆ ಇವರ ರಸಮಟ್ಟದಲ್ಲಿ ಗುಳ್ಳೆ ಇಲ್ಲ ಟೀಚರ್."

ಟೀಚರಮ್ಮ ಬಿದ್ದು ಬಿದ್ದು ನಕ್ಕರು. ನಗು ಮುಗಿದ ಮೇಲೆ ತೀರ್ಪು ಕೊಟ್ಟರು. ಚಳಿಯಲ್ಲಿ ಹೊರಗಿರುವುದು ಬೇಡ, ಇಬ್ಬರೂ ಒಳಗೆ ಮಲಗಬೇಕು. ಹೆಂಡತಿಗೆ ಮುಂದಿನ ಕೋಣೆಯ ಮಂಚ. ಮೇಸ್ತ್ರಿಗೆ ಒಲೆಯ ಪಕ್ಕದ ಚಾಪೆ, ಸರಿಯಾಗಿ ತೂತಿನ ಕೆಳಗೆ. ಬೆಳಕು ಹರಿಯುತ್ತಿದ್ದಂತೆ ಚಾವಣಿ ದುರಸ್ತಿ.

ಬೆಳಗ್ಗೆ ಮೇಸ್ತ್ರಿ ಮಣ್ಣು ಕಲಸಿ ತೂತು ಮುಚ್ಚಿ, ಒರೆಸಿ, ನಯಮಾಡಿ, ರಸಮಟ್ಟ ಇಟ್ಟು ಎದೆ ಸೆಟೆಸಿ ನಿಂತ. "ನೋಡಿ ಟೀಚರ್. ಗುಳ್ಳೆ ನಟ್ಟನಡುವೆ."

ಟೀಚರಮ್ಮ ಹಣೆ ಚಚ್ಚಿಕೊಂಡರು. "ಈ ಮನೆ ಕಟ್ಟಿದ ದಡ್ಡನೂ ಹೀಗೇ ಗುಳ್ಳೆ ನೋಡ್ಕೊಂಡೇ ಕಟ್ಟಿದ್ದು! ಚಾವಣಿ ಮಟ್ಟಸವಾಗಿದ್ರೆ ಮಳೆ ನೀರು ಎಲ್ಲಿಗಪ್ಪಾ ಹೋಗ್ಬೇಕು? ಪ್ರತಿ ಮಳೆಗೂ ನನ್ನ ಹಾಸಿಗೆಗೇ ಬರುತ್ತೆ!"

ನಿನ್ನೆ ತಾನು ಕೈ ಮುಗಿಯಬೇಕೆಂದ ದೇವರು ಆ ದಡ್ಡನೇ ಎಂದು ಮೇಸ್ತ್ರಿಗೆ ಹೊಳೆದು ಮುಖ ಸಣ್ಣದಾಯಿತು.

"ಬಚ್ಚಲಿಗಾದ್ರೆ ಇಳಿಜಾರು ಕೊಡ್ತೀಯೋ ಇಲ್ವೋ?"

"ಕೊಡ್ತೀನಿ ಟೀಚರ್."

"ಹಾಗಾದ್ರೆ ಇದನ್ನೂ ಬಚ್ಚಲು ಅಂದ್ಕೋ. ಪೂರ್ತಿ ಓರೆ ಮಾಡು. ಗುಳ್ಳೆ ನಡುವೆ ನಿಂತಿದ್ದು ಕಂಡ್ರೆ ಮತ್ತೆ ಮೊದಲಿಂದ!"

ಜೀವನದಲ್ಲಿ ಮೊದಲ ಬಾರಿಗೆ ಮೇಸ್ತ್ರಿ ಬೇಕೆಂದೇ ಓರೆ ಮಾಡುತ್ತಾ ನಾಲ್ಕು ಕಾಲಲ್ಲಿ ತೆವಳತೊಡಗಿದ. ಅಷ್ಟರಲ್ಲಿ ಕೆಳಗಿನ ಕೋಣೆಯಿಂದ ಒಂದು ಕೂಗು ಬಂತು. "ರೀ!" ಅಷ್ಟೇ. ಆದರೆ ಆ ದನಿ ಅವನು ಮದುವೆಯ ಹೊಸತರಲ್ಲಿ ಕೇಳಿದ್ದು. ಆ ಕೋಣೆಗೆ ಗೋಡೆಯಗಲದ ಕಿಟಕಿಯಿತ್ತು. ಅವಳು ಕಣ್ಣು ಬಿಟ್ಟಿದ್ದಳು, ಕಿಟಕಿ ತುಂಬ ಬೆಟ್ಟ ನಿಂತಿತ್ತು. "ಬಂಗಾರದ ಬಣ್ಣ ರೀ! ತುದಿಯಿಂದ ಬುಡದವರೆಗೆ! ಬನ್ನಿ ರೀ, ಬೇಗ!"

"ಕೆಲಸ ಮುಗಿಸಿ ಬರ್ತಾನೆ" ಎಂದರು ಟೀಚರಮ್ಮ ಮೆಟ್ಟಿಲ ಬಳಿಯಿಂದ.

ತಾನು ಆರಿಸದ ಜಾಗದಲ್ಲಿ, ತಾನು ಡೇರೆ ಹೂಡದೆಯೇ ಹೆಂಡತಿಯ ಆಸೆ ತೀರಿತಲ್ಲ ಎಂದು ಮೇಸ್ತ್ರಿಗೆ ಒಂದು ಕಡೆ ನಾಚಿಕೆ, ಒಂದು ಕಡೆ ಸಂತೋಷ. ಸಂತೋಷವೇ ಒಂದು ತೂಕ ಹೆಚ್ಚು. ಅವನು ತಲೆ ತಗ್ಗಿಸಿ ಮಣ್ಣು ಒರೆಸಿದ. ಕೆಲಸ ಮುಗಿದು ಸೊಂಟ ಹಿಡಿದುಕೊಂಡು ನೆಟ್ಟಗೆ ನಿಂತು ನೋಡಿದರೆ ಮತ್ತೆ ಮಂಜು. ಬೆಟ್ಟವೂ ಇಲ್ಲ, ಬಂಗಾರವೂ ಇಲ್ಲ.

ಹಿಂದೆ ರಸ್ತೆಯ ಮೇಲೆ ಹೆಂಡತಿ ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಫೋನು ಹಿಡಿದು ನಿಂತಿದ್ದಳು.

"ನೀವು ಕೆಲಸದಲ್ಲಿದ್ರಲ್ಲ, ಅದಕ್ಕೇ ಮಂಜು ಬರೋದ್ರೊಳಗೆ ಇಲ್ಲಿಂದ ಒಂದು ಫೋಟೋ ತೆಗೆದೆ. ಗ್ರೂಪಿಗೂ ಹಾಕ್ದೆ."

ಮೇಸ್ತ್ರಿ ಆಸೆಯಿಂದ ಬಗ್ಗಿ ನೋಡಿದ. ಹೊಳೆಯುವ ಶಿಖರಗಳ ಸಾಲು. ಅದರ ಮುಂದೆ, ಚಿತ್ರದ ಮುಕ್ಕಾಲು ಭಾಗ ತುಂಬಿಕೊಂಡು, ನಾಲ್ಕು ಕಾಲಲ್ಲಿ ತೆವಳುತ್ತಿದ್ದ ತನ್ನದೇ ಹಿಂಭಾಗ. ಕೆಳಗೆ ಆಗಲೇ ಷಡ್ಡಕನ ಮಾತು ಬಂದು ಕೂತಿತ್ತು: "ವಾಹ್! ಹಿಂದಿರೋ ಹಿಮದ ಬೆಟ್ಟ ಗೊತ್ತಾಯ್ತು. ಮುಂದೆ ಇಷ್ಟು ದೊಡ್ಡದಾಗಿ ಕಾಣ್ತಿರೋ ಗುಡ್ಡ ಯಾವುದು?"

ಅದರ ಕೆಳಗೆ ಹೆಂಡತಿಯ ಉತ್ತರ: "ಅದು ನಮ್ಮನೇದು ಭಾವ. ಇಷ್ಟು ದಿನ ಬಿಗಿದುಕೊಂಡು ನಿಂತಿತ್ತು, ಇವತ್ತು ಸ್ವಲ್ಪ ಬಾಗಿದೆ."